ಕಿವಿಯೋಲೆ ಯಾರ ಹೆಸರಲ್ಲಿತ್ತು?

ರಾತ್ರಿ ಊಟ ಮುಗಿಸಿದ ಚಿಕ್ಕಪ್ಪ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ತಳ್ಳಿದರು. "ಬ್ರೇಕಿಂಗ್!! ಮಳೆಗೆ ಸತ್ತ ಪ್ರತಿ ಜಾನುವಾರಿಗೂ 37,500 ರೂಪಾಯಿ. ಇವತ್ತೇ ಕೊನೆ ದಿನ. ಲಿಂಕ್ ಒತ್ತಿ, ಹತ್ತು ರೈತರಿಗೆ ಕಳಿಸಿ." ಕೆಳಗೆ ತಮ್ಮದೂ ಒಂದು ಸಾಲು: "ಕೇಳದಿದ್ರೆ ಯಾರೂ ಕೊಡಲ್ಲ."

ಹೆಬ್ಬೆರಳುಗಳು ಸಾಲುಸಾಲಾಗಿ ಬಂದವು. ಓದಿದವರು ಭಾವ ಒಬ್ಬರೇ ಅನ್ನಿಸುತ್ತೆ.

ಭಾವ: ಆದೇಶದ ಕಾಪಿ ಎಲ್ಲಿದೆ ಚಿಕ್ಕಮಾವ? 37,500 ಹಾಲು ಕೊಡೋ ಹಸು, ಎಮ್ಮೆಗೆ ಮಾತ್ರ. ಎತ್ತಿಗೆ 32,000, ಕರುವಿಗೆ 20,000, ಕುರಿ ಮೇಕೆಗೆ 4,000. ವಿಪತ್ತು ಪರಿಹಾರ ನಿಧಿಯಲ್ಲಿ 2022ರಲ್ಲೇ ಬಂದ ದರ ಇದು. ಲಿಂಕ್ ಮುಟ್ಟಬೇಡಿ.

ಚಿಕ್ಕಪ್ಪ: ನಾನು ಏನು ಹಾಕಿದರೂ ನಿಮಗೆ ಸುಳ್ಳೇ. ಎಸಿ ಕೆಳಗೆ ಕೂತವರಿಗೆ ಸಗಣಿ ವಾಸನೆ ಗೊತ್ತಾ?

ದೊಡ್ಡಪ್ಪ: ನಮ್ಮ ಕಾಲದಲ್ಲಿ ಹಸು ಸತ್ತರೆ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಈಗ ರೇಟು ಕೇಳುತ್ತೀರಿ. ಶಿವ ಶಿವ.

ಸುಮಕ್ಕ: ಕಪ್ಪಿ ನೆನಪಾದಳು 😢 ಅವಳು ಕರು ಹಾಕಿದಾಗ ಅಜ್ಜಿ ಗಿಣ್ಣಿಗೆ ಏಲಕ್ಕಿ ಜಜ್ಜಿ ಹಾಕ್ತಿದ್ದದ್ದು, ಬೆಲ್ಲ ಜಾಸ್ತಿ ಆಯ್ತು ಅಂತ ಬೈಕೊಂಡೇ ಅಪ್ಪ ಇನ್ನೆರಡು ತುಂಡು ಕೇಳ್ತಿದ್ದದ್ದು... ಫೋಟೋ ಇದೆಯಾ ಯಾರ ಹತ್ರಾದ್ರೂ?

ಶುರುವಾಯಿತು ಫೋಟೋ ಹುಡುಕಾಟ. ಯಾರೋ ಪಕ್ಕದ ಮನೆ ಹಸುವನ್ನೇ ಕಪ್ಪಿ ಅಂತ ಹಾಕಿದರು. ಆ ಗಲಾಟೆಯ ನಡುವೆ ನಾನೂ ಬರೆದೆ: ಹೂಳುವ ಮೊದಲು ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ಕಿವಿಯೋಲೆ (ದನದ ಕಿವಿಗೆ ಹಾಕೋ, ಮಾಲೀಕರ ಹೆಸರಿಗೆ ದಾಖಲಾದ ನಂಬರ್ ಟ್ಯಾಗ್) ಕಾಣುವ ಹಾಗೆ ಫೋಟೋ ತೆಗೆಯಿರಿ, ಮಹಜರು ಬರೆಸಿ. ನಿಜವಾಗಿ ದುಡ್ಡು ಕೊಡಿಸೋದು ಅದೇ, ಲಿಂಕ್ ಅಲ್ಲ. ಎರಡು ಗಿಣ್ಣಿನ ಫೋಟೋಗಳ ಮಧ್ಯೆ ಸಿಕ್ಕಿಕೊಂಡ ಆ ಮೆಸೇಜನ್ನು ಒಬ್ಬರೂ ನೋಡಲಿಲ್ಲ.

ಅತ್ತೆ: ಕಪ್ಪಿ ವಿಷಯ ಬಂದಿದ್ದು ಒಳ್ಳೇದೇ ಆಯ್ತು. 2019ರ ಆಗಸ್ಟಲ್ಲಿ ನಂಜನಗೂಡಲ್ಲಿ ಕಪಿಲೆ ಹೊಳೆ ಉಕ್ಕಿದಾಗ ಕೊಟ್ಟಿಗೆಯಲ್ಲಿ ಸತ್ತಿದ್ದು ಅಮ್ಮನ ಹಸು. ಪರಿಹಾರದ 30,000 ಯಾರ ಖಾತೆಗೆ ಬಿತ್ತು?

ಚಿಕ್ಕಪ್ಪ: ಕಿವಿಯೋಲೆ ನನ್ನ ಹೆಸರಲ್ಲಿತ್ತು ಅಕ್ಕ.

ಅತ್ತೆ: ಓಲೆ ನಿಂದು. ಬೆಳಗಾಗೆದ್ದು ಹುಲ್ಲು ಹಾಕಿ, ಹಾಲು ಕರೆದು, ಡೈರಿಗೆ ಹೊತ್ತಿದ್ದು ಯಾರು?

ಚಿಕ್ಕಪ್ಪ: ಡಾಕ್ಟರ್ ಖರ್ಚು ಕೊಟ್ಟಿದ್ದು ಯಾರು?

ದೊಡ್ಡಪ್ಪ: ಹಿರಿಯರು ಇರುವ ಗ್ರೂಪಲ್ಲಿ ದುಡ್ಡಿನ ಮಾತು ಬೇಡ. ದುಡ್ಡು ಇವತ್ತು ಬರುತ್ತೆ, ನಾಳೆ ಹೋಗುತ್ತೆ.

ಭಾವ: ಇನ್ನೊಂದು ಹೇಳೋದು ಮರೆತೆ. ಹಸು, ಎಮ್ಮೆಗೆ ಪರಿಹಾರ ಒಂದು ಮನೆಗೆ ಮೂರಕ್ಕೇ ಮಿತಿ. ಕುರಿ ಮೇಕೆ ಆದರೆ 30.

ಚಿಕ್ಕಪ್ಪ: ನನ್ನ ಹತ್ರ ಐದಿವೆ!

ಸ್ವಲ್ಪ ಹೊತ್ತು ಯಾರೂ ಟೈಪ್ ಮಾಡಲಿಲ್ಲ.

ಚಿಕ್ಕಪ್ಪ: ಅಣ್ಣಾ, ಎರಡರ ಓಲೆ ನಿಮ್ಮ ಹೆಸರಿಗೆ ಮಾಡಿಸಲಾ?

ದೊಡ್ಡಪ್ಪ: ಗ್ರೂಪಲ್ಲಿ ಬೇಡ. ಫೋನ್ ಮಾಡು.