ಅಪ್ಪನಿಗೆ ಹೊಲಿಗೆ ಮರೆತಿಲ್ಲ, ಬೆಳಗಿನ ಮಾತು ಮರೆತುಹೋಗುತ್ತೆ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಅಪ್ಪನಿಗೆ 74 ವರ್ಷ, ಟೈಲರ್ ಆಗಿದ್ದವರು. ಆರೇಳು ತಿಂಗಳಿಂದ ಮರೆವು ಜಾಸ್ತಿಯಾಗಿದೆ. ಕೇಳಿದ್ದನ್ನೇ ಕಾಲು ಗಂಟೆ ಬಿಟ್ಟು ಮತ್ತೆ ಕೇಳ್ತಾರೆ. ಬೆಳಗ್ಗೆ ಯಾರು ಬಂದಿದ್ದರು ಅಂದರೆ ಗೊತ್ತಿಲ್ಲ. ಆದರೆ ಮಷಿನ್ ಮುಂದೆ ಕೂತರೆ ಕೈ ಒಂಚೂರೂ ತಡವರಿಸಲ್ಲ, ಕಾಲರ್ ಕೂಡ ನೀಟಾಗಿ ಕೂರಿಸ್ತಾರೆ. ಮೊದಲ ಮಷಿನ್ ಕೊಂಡ ದಿನ ಏನೇನಾಯ್ತು ಅಂತ ಎಳೆಎಳೆಯಾಗಿ ಹೇಳ್ತಾರೆ. ನಮ್ಮಣ್ಣ "ಬೇಕಾದ್ದು ನೆನಪಿರುತ್ತೆ, ಬೇಡದ್ದಕ್ಕೆ ಮರೆವಿನ ನಾಟಕ" ಅಂತಾನೆ. ಪರಿಚಯದವರೊಬ್ಬರು "ಶಾರ್ಟ್ ಟರ್ಮ್ ಮೆಮೊರಿ ಹೋಗಿದೆ" ಅಂದರು. ಯಾರ ಮಾತು ಸರಿ?

ಉತ್ತರ (ಮನಶ್ಶಾಸ್ತ್ರಜ್ಞೆ): ಇಬ್ಬರದ್ದೂ ಸರಿಯಲ್ಲ. ನಿಮ್ಮಣ್ಣನಿಗೆ ಮೊದಲು ಹೇಳಿ, ಇದು ನಾಟಕ ಅಲ್ಲ. ನೆನಪು ಅಂತ ನಾವು ಒಂದೇ ಹೆಸರಿಟ್ಟು ಕರೆಯುವುದರ ಒಳಗೆ ಬೇರೆ ಬೇರೆ ಕೆಲಸಗಳಿವೆ. ಮೆದುಳಿನಲ್ಲಿ ಅವುಗಳ ಜಾಗವೂ ಬೇರೆ, ಕೆಡುವ ರೀತಿಯೂ ಬೇರೆ.

ಇದು ಗೊತ್ತಾಗಿದ್ದೇ ಒಬ್ಬ ರೋಗಿಯಿಂದ. ಹೆನ್ರಿ ಮೊಲೈಸನ್ ಅಂತ, ಅಮೆರಿಕದವರು. ಹತೋಟಿಗೆ ಬಾರದ ಮೂರ್ಛೆರೋಗಕ್ಕೆ 1953ರಲ್ಲಿ, ಅವರ 27ನೇ ವಯಸ್ಸಿನಲ್ಲಿ, ಮೆದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ (ಹೊಸ ನೆನಪುಗಳನ್ನು ಕೂಡಿಡಲು ಬೇಕಾದ ಭಾಗ) ಅನ್ನು ಬಹುಮಟ್ಟಿಗೆ ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ ನಡೆದದ್ದು ಯಾವುದೂ ಅವರಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಅವರಿಗೆ ಒಂದು ಕೆಲಸ ಕೊಟ್ಟರು: ಜೋಡಿ ಗೆರೆಯಲ್ಲಿ ಬರೆದ ನಕ್ಷತ್ರ, ಆ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಆದರೆ ಕೈಯನ್ನು ನೇರ ನೋಡುವಂತಿಲ್ಲ, ಕನ್ನಡಿಯಲ್ಲಿ ಮಾತ್ರ. ಒಮ್ಮೆ ಮಾಡಿ ನೋಡಿ, ಪೆನ್ಸಿಲ್ ಎತ್ತ ಎತ್ತಲೋ ಹೋಗುತ್ತೆ. ಮೊಲೈಸನ್ ಅವರ ಕೈ ಮೂರು ದಿನದಲ್ಲಿ ಚೆನ್ನಾಗಿ ಪಳಗಿತು, ತಪ್ಪು ಕಮ್ಮಿಯಾಗುತ್ತಾ ಬಂತು. ಹಿಂದಿನ ದಿನ ಇದನ್ನೇ ಮಾಡಿದ್ದೆ ಅನ್ನುವುದು ಮಾತ್ರ ಅವರಿಗೆ ನೆನಪೇ ಇರಲಿಲ್ಲ!

ನಿಮ್ಮ ತಂದೆಯವರ ಹೊಲಿಗೆಯೂ ಇಂಥದ್ದೇ, ಕೌಶಲದ ನೆನಪು. ಹಿಪೊಕ್ಯಾಂಪಸ್ ಸೊರಗಿದರೂ ಇದು ನಡೆಯುತ್ತೆ, ಯಾಕೆಂದರೆ ಇದು ಹೆಚ್ಚಾಗಿ ನಿಂತಿರುವುದು ಸೆರೆಬೆಲ್ಲಮ್ (ಕಿರುಮೆದುಳು), ಬೇಸಲ್ ಗ್ಯಾಂಗ್ಲಿಯಾ (ಮೆದುಳಿನ ಆಳದಲ್ಲಿರುವ ನರಕೋಶಗಳ ಗುಂಪು) ಇವುಗಳ ಮೇಲೆ. ಕಾಲರ್ ಕೂರಿಸುವುದು ಹೇಗೆ ಅಂತ ಅವರನ್ನು ಬಾಯಲ್ಲಿ ಕೇಳಿ ನೋಡಿ, ವಿವರಿಸಲು ಒದ್ದಾಡಬಹುದು. ಬಟ್ಟೆ ಕೈಗೆ ಕೊಟ್ಟರೆ ಆಯಿತು.

ಬೆಳಗ್ಗೆ ಯಾರು ಬಂದಿದ್ದರು ಅನ್ನುವುದು ಘಟನೆಯ ನೆನಪು. "ಕತ್ತರಿ ಅಂದರೆ ಏನು" ಅನ್ನುವುದು ತಿಳಿವಳಿಕೆಯ ನೆನಪು, ಅದನ್ನು ಎಂದು ಎಲ್ಲಿ ಕಲಿತೆವು ಅಂತ ನೆನಪಿರಬೇಕಿಲ್ಲ. ಇವೆರಡನ್ನೂ ಬೇರೆ ಮಾಡಿ ತೋರಿಸಿದವರು ಎಂಡೆಲ್ ಟುಲ್ವಿಂಗ್, 1972ರಲ್ಲಿ. ನೀವು ಬರೆದಿರುವುದನ್ನು ನೋಡಿದರೆ ತಂದೆಯವರಲ್ಲಿ ಪೆಟ್ಟು ಬಿದ್ದಿರುವುದು ಹೊಸ ಘಟನೆಗಳನ್ನು ಕೂಡಿಡುವ ಕೆಲಸಕ್ಕೆ. ಹಳೆಯವು ಎಷ್ಟೋ ಸಲ ನೆನೆದು, ಹೇಳಿ, ಬೇರು ಬಿಟ್ಟಿರುತ್ತವೆ. (ಹಾಗಂತ ಮಷಿನ್ ಕೊಂಡ ದಿನದ ಕತೆಯ ಪ್ರತಿ ವಿವರವನ್ನೂ ಸಾಕ್ಷಿ ಅಂತ ತೆಗೆದುಕೊಳ್ಳಬೇಡಿ. ಹೇಳಿದಷ್ಟೂ ಕತೆ ಸ್ವಲ್ಪ ಸ್ವಲ್ಪ ಬದಲಾಗುತ್ತೆ, ನಮ್ಮ ನಿಮ್ಮದೂ ಅಷ್ಟೇ.)

ಇನ್ನು ಶಾರ್ಟ್ ಟರ್ಮ್ ಮೆಮೊರಿ. ಈ ಪದವನ್ನು ಎಲ್ಲರೂ ತಪ್ಪಾಗಿ ಬಳಸುತ್ತಾರೆ, ನನಗೆ ದಿನಾ ಕೇಳಿ ಕೇಳಿ ಸಾಕಾಗಿದೆ. ಅದು ಬೆಳಗಿನದ್ದೋ ನಿನ್ನೆಯದ್ದೋ ಅಲ್ಲ, ಕೆಲವೇ ಸೆಕೆಂಡಿನದ್ದು. 1959ರ ಒಂದು ಪ್ರಯೋಗದಲ್ಲಿ ಮೂರು ಅಕ್ಷರ ಹೇಳಿ, ತಕ್ಷಣ ಒಂದು ಸಂಖ್ಯೆಯಿಂದ ಮೂರು ಮೂರು ಕಳೆಯುತ್ತಾ ಎಣಿಸಲು ಹೇಳಿದರು, ಮನಸ್ಸಿನಲ್ಲಿ ಉರು ಹೊಡೆಯದಿರಲಿ ಅಂತ. 18 ಸೆಕೆಂಡ್ ಆಗುವಷ್ಟರಲ್ಲಿ ಅಕ್ಷರಗಳು ಬಹುಪಾಲು ಹಾರಿಹೋಗಿದ್ದವು. ಕಾಲು ಗಂಟೆ ಹಿಂದಿನದ್ದು ಆ ಲೆಕ್ಕದಲ್ಲಿ ದೀರ್ಘಾವಧಿಯ ನೆನಪೇ.

ಅದೇ ಪ್ರಶ್ನೆ ಕೇಳಿದವರು: ಮೇಡಂ, ನಿಮ್ಮ ಉತ್ತರ ಓದಿ ಅಣ್ಣನೇ ಅಪ್ಪನಿಗೆ ಆರು ಅಂಕಿ ಹೇಳಿ ತಿರುಗಿ ಹೇಳಿಸಿದ. ಥಟ್ಟನೆ ಹೇಳಿದರು. ಐದು ನಿಮಿಷ ಬಿಟ್ಟು ಕೇಳಿದರೆ "ಯಾವ ಅಂಕಿ?" ಅಂದರು. ಅಣ್ಣ ಸುಮ್ಮನಾಗಿಬಿಟ್ಟ.

ಉತ್ತರ: ಐದು ನಿಮಿಷ ಬಿಟ್ಟರೆ ಅಂಕಿ ನಿಮಗೂ ನನಗೂ ಮರೆಯಬಹುದು. ಅಂಕಿ ಕೇಳಿದ್ದೇ ಮರೆತಿದ್ದಾರೆ ನೋಡಿ, ಅದು ಗಮನಿಸಬೇಕಾದ್ದು. ಆದರೆ ಮನೆಯ ಪರೀಕ್ಷೆ ಇಲ್ಲಿಗೆ ಸಾಕು, "ನೆನಪಿದೆಯಾ, ನೆನಪಿದೆಯಾ" ಅಂತ ಕೆದಕಿದರೆ ಅವರಿಗೆ ಅವಮಾನ ಆಗುತ್ತೆ ಅಷ್ಟೇ. ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ. ವಯಸ್ಸಾಯ್ತು ಅಂತ ಬಿಡಬೇಡಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ಮಾತ್ರೆಗಳು ಇವುಗಳಿಂದಲೂ ಮರೆವು ಬರುತ್ತೆ, ಇವಕ್ಕೆ ಚಿಕಿತ್ಸೆ ಇದೆ. ಕಿವಿ ಮಂದವಾಗಿದೆಯಾ ಅಂತಲೂ ನೋಡಿಸಿ, ಸರಿಯಾಗಿ ಕೇಳಿಸದ ಮಾತು ನೆನಪಲ್ಲಿ ಉಳಿಯುವುದಾದರೂ ಹೇಗೆ? ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಪಟ್ಟಿ ಜೊತೆಗಿರಲಿ.

ಇನ್ನೊಬ್ಬ ಸದಸ್ಯ: ಮೇಡಂ, ನಾನು ವಿದ್ಯಾರ್ಥಿ. ಮನುಷ್ಯನ ತಲೆಯಲ್ಲಿ ಒಮ್ಮೆಗೆ ಏಳೇ ವಿಷಯ ನಿಲ್ಲೋದು ಅಂತಾರಲ್ಲ, ಅಭ್ಯಾಸ ಮಾಡಿದರೆ ಆ ಶಕ್ತಿ ಹೆಚ್ಚುತ್ತಾ? ನೆನಪಿನ ಶಕ್ತಿಯ ಆ್ಯಪ್ ಒಂದನ್ನು ತಗೊಳ್ಳೋಣ ಅಂತಿದ್ದೆ.

ಉತ್ತರ: ಏಳು ಅಂದವರು ಜಾರ್ಜ್ ಮಿಲ್ಲರ್, 1956ರಲ್ಲಿ. 2001ರಲ್ಲಿ ನೆಲ್ಸನ್ ಕೋವನ್ ಸುಮಾರು ನಾಲ್ಕು ಅಂದರು, ನನಗೂ ಅದೇ ಹೆಚ್ಚು ನಂಬುವಂತೆ ಕಾಣುತ್ತೆ. ಆ ನಾಲ್ಕು ಎಂದರೆ ನಾಲ್ಕು ಅಂಕಿ ಅಲ್ಲ, ನಾಲ್ಕು ಕಟ್ಟು. 1947 ನಿಮಗೆ ಒಂದೇ ಕಟ್ಟು, 7419 ನಾಲ್ಕು ಬಿಡಿ ಅಂಕಿ.

ನಿಮ್ಮಂಥದೇ ಒಬ್ಬ ವಿದ್ಯಾರ್ಥಿಯ ಬಗ್ಗೆ 1980ರಲ್ಲಿ ವರದಿಯಾಯಿತು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅಭ್ಯಾಸ ಮಾಡಿ, ಏಳು ಅಂಕಿ ನೆನಪಿಡುತ್ತಿದ್ದವನು 79ಕ್ಕೆ ಮುಟ್ಟಿದ. ಅವನು ಓಟಗಾರ, ಅಂಕಿಗಳನ್ನು ಓಟದ ಸಮಯಗಳಾಗಿ ಕಟ್ಟು ಕಟ್ಟುತ್ತಿದ್ದ. ಅಂಕಿ ಬಿಟ್ಟು ಅಕ್ಷರ ಕೊಟ್ಟರೋ, ಮತ್ತೆ ಆರಕ್ಕೇ ಬಂದು ನಿಂತ! ಆ್ಯಪಿನ ಆಟ ಆಡಿದರೆ ಆ ಆಟ ಚೆನ್ನಾಗಿ ಬರುತ್ತೆ. ದುಡ್ಡು ಉಳಿಸಿ, ಪಾಠ ಓದಿ ಪುಸ್ತಕ ಮುಚ್ಚಿ, ಏನು ಉಳಿಯಿತು ಅಂತ ಬರೆದು ನೋಡಿ. ಮತ್ತೆ ಮತ್ತೆ ಓದುವುದಕ್ಕಿಂತ ಹಾಗೆ ನೆನಪು ಮಾಡಿಕೊಳ್ಳುವುದರಿಂದ ಹೆಚ್ಚು ಉಳಿಯುತ್ತೆ.

ಮತ್ತೊಬ್ಬರು: ನನಗೆ ಹೆಸರುಗಳು ನಾಲಿಗೆ ತುದಿಗೆ ಬಂದು ನಿಲ್ತವೆ. ನಾನೂ ಡಾಕ್ಟರ್ ಹತ್ತಿರ ಹೋಗಬೇಕಾ?

ಉತ್ತರ: ಮೊದಲ ಅಕ್ಷರ ಹೊಳೆದು, ಅರ್ಧ ಗಂಟೆ ಬಿಟ್ಟು ಹೆಸರು ತಾನಾಗಿ ಬಂದರೆ ಚಿಂತೆ ಬೇಡ. ಇಟ್ಟದ್ದು ಇದೆ, ತೆಗೆಯುವುದು ತಡವಾಗಿದೆ, ಅಷ್ಟೇ.

ಮೊದಲು ಪ್ರಶ್ನೆ ಕೇಳಿದವರು: ಮುಂದಿನ ವಾರ ಡಾಕ್ಟರನ್ನು ನೋಡ್ತಿದ್ದೇವೆ ಮೇಡಂ. ಅಲ್ಲಿತನಕ ಅಪ್ಪನ ಬಿಪಿ ಮಾತ್ರೆಗೆ ಏನು ಮಾಡೋದು? ಎರಡೆರಡು ಸಲ ತಗೊಂಡುಬಿಡ್ತಾರೆ.

ಉತ್ತರ: "ಎಂಟು ಗಂಟೆಗೆ ತಗೋಬೇಕು" ಅಂತ ನೆನಪಿಡುವುದು, "ಈಗಾಗಲೇ ತಗೊಂಡೆ" ಅಂತ ನೆನಪಿಡುವುದು, ಎರಡೂ ಅವರಿಗೆ ಸೋರುತ್ತಿರುವ ಕಡೆಯವೇ. ಆ ಭಾರ ಹೊರಿಸಬೇಡಿ, ಕೈಗೆ ಬಿಡಿ. ಬಾಬಿನ್ ಇಡುವ ಡ್ರಾಯರ್‌ಗೆ ಅವರ ಕೈ ದಿನಾ ತಾನಾಗಿ ಹೋಗುತ್ತಲ್ಲ, ಅಲ್ಲೇ ಒಂದು ಪುಟ್ಟ ಡಬ್ಬ ಇಡಿ, ಅದರಲ್ಲಿ ಆ ಹೊತ್ತಿನ ಒಂದೇ ಡೋಸ್. ಉಳಿದ ಸ್ಟ್ರಿಪ್ ನಿಮ್ಮ ಹತ್ತಿರ ಇರಲಿ. ಡಬ್ಬ ಖಾಲಿಯಾಯಿತಾ ಅಂತ ನೋಡುವ ಕೆಲಸ ನಿಮ್ಮಣ್ಣನಿಗೆ ಕೊಡಿ.