ಹಾವಿನ ವಿಷ ತೆಗೆಯುವಾಗ ಗ್ರಂಥಿ ಒತ್ತಬೇಕೋ ಬೇಡವೋ? ಕಟ್ಟುಹಾವಿನ ವಿಷ ಅಷ್ಟು ದುಬಾರಿ ಯಾಕೆ?

ಸೀರಂ ಓದುಗ

ಹಾವಿನ ಕಡಿತಕ್ಕೆ ಕೊಡುವ ಎ.ಎಸ್.ವಿ. (ಪ್ರತಿವಿಷ ಔಷಧ) ಬಗ್ಗೆ ಎಲ್ಲಿ ಓದಿದರೂ ಕಥೆ ಕುದುರೆಯಿಂದಲೇ ಶುರು: ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ (ವಿಷ ತಡೆಯುವ ಪ್ರೋಟೀನು) ಔಷಧ ಮಾಡ್ತಾರೆ ಅಂತ. ಅದಕ್ಕೂ ಮೊದಲಿನ ಭಾಗವನ್ನು "ವಿಷ ಸಂಗ್ರಹಿಸಿ ಒಣಗಿಸುತ್ತಾರೆ" ಅಂತ ಒಂದೇ ಸಾಲಲ್ಲಿ ಮುಗಿಸಿಬಿಡ್ತಾರೆ. ಆ ಸಾಲಿನೊಳಗೆ ಏನೇನು ನಡೆಯುತ್ತೆ ಅನ್ನೋದು ಬೇಕಾಗಿದೆ. ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಮುಖ್ಯವಾಗಿ ಮೂರು ಅನುಮಾನ. ವಿಡಿಯೊಗಳಲ್ಲಿ ಕೆಲವರು ಹಾವು ತಾನಾಗೇ ಕಚ್ಚಲಿ ಅಂತ ಬಿಡ್ತಾರೆ, ಕೆಲವರು ಕೆನ್ನೆ ಒತ್ತಿ ಹಿಂಡ್ತಾರೆ. ಯಾವುದು ಸರಿ? ಎರಡನೇದು, ಕಟ್ಟುಹಾವಿನ ವಿಷ ಗ್ರಾಂ ಲೆಕ್ಕದಲ್ಲಿ ನಾಗರಹಾವಿನದಕ್ಕಿಂತ ಎಷ್ಟೋ ಪಟ್ಟು ದುಬಾರಿ ಅಂತಾರೆ, ಯಾಕೆ? ಮೂರನೇದು, ದೇಶದ ಯಾವ ಮೂಲೆಯಲ್ಲಿ ಕಚ್ಚಿದರೂ ಔಷಧಿ ಒಂದೇ. ಹಾವಿನ ವಿಷ ಎಲ್ಲ ಕಡೆ ಒಂದೇ ಥರ ಇರುತ್ತಾ?

ಹುತ್ತದ ಬಾಯಿ

ಮೊದಲೇ ಒಂದು ಮಾತು. ಇದು ಲೈಸೆನ್ಸ್ ಇರುವ ಸಂಸ್ಥೆಗಳ ಕೆಲಸ. ಅನುಮತಿ ಇಲ್ಲದೆ ಹಾವು ಹಿಡಿಯೋದು, ವಿಷ ತೆಗೆಯೋದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಕೆಳಗಿನದನ್ನು ಓದಿ ಯಾರೂ ಕೈ ಹಾಕೋಕೆ ಹೋಗಬೇಡಿ.

ಈ ಕೆಲಸಕ್ಕೆ ಕನಿಷ್ಠ ಇಬ್ಬರು ಬೇಕು. ಒಬ್ಬರಿಗೆ ತಲೆ, ಇನ್ನೊಬ್ಬರಿಗೆ ಮೈ. ಕೊಕ್ಕೆಯಿಂದ ಹಾವನ್ನು ಎತ್ತಿ ದಪ್ಪ ಫೋಮ್ ಮೇಲೆ ಇಳಿಸ್ತಾರೆ. ಗಟ್ಟಿ ನೆಲದ ಮೇಲೆ ತಲೆ ಅದುಮಿದರೆ ದವಡೆ, ಕತ್ತಿನ ಮೂಳೆಗೆ ಪೆಟ್ಟಾಗುತ್ತೆ. ಫೋಮ್ ಆದರೆ ತಲೆ ಒಳಗೆ ಹೂತು ಒತ್ತಡ ಹಂಚಿಹೋಗುತ್ತೆ. ಆಮೇಲೆ ಹೆಬ್ಬೆರಳು ಮತ್ತು ನಡುಬೆರಳು ದವಡೆಯ ಎರಡು ಮೂಲೆಗೆ, ತೋರುಬೆರಳು ತಲೆಯ ಮೇಲೆ. ಮಂಡಲದ ಹಾವುಗಳನ್ನು ಹಿಡಿಯುವಾಗ ಗದ್ದದ ಕೆಳಗೆ ಬೆರಳು ಇಡೋದೇ ಇಲ್ಲ. ಅವುಗಳ ಹಲ್ಲು ಉದ್ದ, ಮಡಚಿ ಬಿಚ್ಚುವಂಥದ್ದು. ತಮ್ಮ ಕೆಳದವಡೆಯನ್ನೇ ತೂರಿಕೊಂಡು ಹಲ್ಲನ್ನು ಹಿಡಿದವರ ಬೆರಳಿಗೆ ಇಳಿಸಬಲ್ಲವು.

ಪಾತ್ರೆ ಅಂದರೆ ಗಾಜಿನ ಬೀಕರ್ ಅಥವಾ ಜಾಡಿ, ಬಾಯಿಗೆ ಬಿಗಿಯಾಗಿ ಎಳೆದು ಕಟ್ಟಿದ ಪ್ಯಾರಾಫಿಲ್ಮ್ (ಹಿಗ್ಗುವ ಮೇಣದಂಥ ಹಾಳೆ) ಇಲ್ಲವೇ ತೆಳು ರಬ್ಬರ್ ಹಾಳೆ. ಬೀಕರ್ ಮೇಜಿಗೆ ಕ್ಲ್ಯಾಂಪ್ ಆಗಿರಬೇಕು. ಇನ್ನೊಬ್ಬರ ಕೈಯಲ್ಲಿ ಹಿಡಿಸೋದು ಅಪಾಯ. ಹಾಳೆಯ ಅಂಚಿಗೆ ಬಾಯಿ ತಾಗಿಸಿದರೆ ಹೆಚ್ಚಿನ ಹಾವು ತಾವೇ ಕಚ್ತವೆ. ಹಲ್ಲು ಹಾಳೆ ತೂರಿ ಒಳಗಿನ ಗಾಜಿನ ಗೋಡೆ ಮೇಲೆ ವಿಷ ಇಳಿಯೋದು ಕಾಣುತ್ತೆ, ಕೊಳಕುಮಂಡಲದ್ದಾದರೆ ಸಾಮಾನ್ಯವಾಗಿ ತೆಳು ಹಳದಿ.

ಈಗ ನಿಮ್ಮ ಪ್ರಶ್ನೆ. ಕಚ್ಚಿ ಮುಗಿದ ಮೇಲೆ ಕೆನ್ನೆಯೊಳಗಿನ ವಿಷಗ್ರಂಥಿಯ ಮೇಲೆ ಹಗುರವಾಗಿ ಒಮ್ಮೆ ಬೆರಳು ಒತ್ತಿ ಮುಂದಕ್ಕೆ ತರೋದು ರೂಢಿಯಲ್ಲಿದೆ, ತಪ್ಪಿಲ್ಲ. ನಿಂಬೆಹಣ್ಣು ಹಿಂಡಿದ ಹಾಗೆ ಹಿಂಡೋದು ತಪ್ಪು. ಗ್ರಂಥಿಯೊಳಗಿನ ಸಣ್ಣ ರಕ್ತನಾಳ ಒಡೆದು ವಿಷ ನಸುಗೆಂಪಾಗುತ್ತೆ, ಜೀವಕೋಶಗಳ ಚೂರು ಸೇರುತ್ತೆ, ಮುಂದಿನ ಸಲ ಆ ಹಾವು ಕೊಡೋದು ಅರ್ಧಕ್ಕೆ ಇಳಿದರೂ ಆಶ್ಚರ್ಯ ಇಲ್ಲ.

ಬಿಡಿಸುವಾಗಲೂ ಎಚ್ಚರ ಬೇಕು. ಹಲ್ಲು ಹಿಂದಕ್ಕೆ ಬಾಗಿರೋದರಿಂದ ನೇರವಾಗಿ ಮೇಲಕ್ಕೆ ಕಿತ್ತರೆ ಹಾಳೆಯಲ್ಲಿ ಸಿಕ್ಕಿ ಮುರಿಯುತ್ತೆ. ತಲೆಯನ್ನು ಸ್ವಲ್ಪ ಮುಂದಕ್ಕೆ ಹೊರಳಿಸಿ, ಹಲ್ಲು ಹೋದ ದಾರಿಯಲ್ಲೇ ಹಿಂದೆ ತೆಗೀಬೇಕು. ಮುರಿದರೆ ಹಿಂದೆ ಕಾಯ್ತಿರೋ ಹಲ್ಲು ಬರುತ್ತೆ ನಿಜ, ಆದರೆ ಗಾಯ ಕೊಳೆತು ಬಾಯಿಹುಣ್ಣಾದರೆ ಹಾವು ಉಳಿಯೋದು ಕಷ್ಟ. ಹಾಗೇ ಒಂದು ಹಾವಿಗೆ ಬಳಸಿದ ಹಾಳೆಯನ್ನು ಇನ್ನೊಂದಕ್ಕೆ ಬಳಸಬಾರದು. ಬಾಯಿಯ ಸೋಂಕು ಹಾವಿನಿಂದ ಹಾವಿಗೆ ದಾಟೋದೇ ಹೀಗೆ.

ಬೇಲಿಸಾಲು

ಕರೆಂಟ್ ಕೊಟ್ಟು ತೆಗೆಯುವ ಪದ್ಧತಿಯೂ ಇದೆಯಲ್ಲ? ಗ್ರಂಥಿ ಪೂರ್ತಿ ಖಾಲಿಯಾಗುತ್ತೆ, ಇಳುವರಿ ಜಾಸ್ತಿ.

ಹುತ್ತದ ಬಾಯಿ

ಇದೆ, ಹಳೇದು. ಸ್ನಾಯು ಸೆಳೆತಕ್ಕೆ ವಿಷ ಚಿಮ್ಮುತ್ತೆ, ಜೊತೆಗೆ ಹಾವಿಗೆ ಏಟೂ ಬೀಳುತ್ತೆ. ಒಂದು ಸಲದ ಇಳುವರಿ ನೋಡಿದರೆ ಲಾಭ, ಅದೇ ಹಾವನ್ನು ಮತ್ತೆ ಮತ್ತೆ ಬಳಸಬೇಕಾದವರಿಗೆ ನಷ್ಟ. ಪೊರೆ ಬಿಡುವ ಹಾವು, ಗರ್ಭಿಣಿ ಹಾವು, ಈಗಷ್ಟೇ ಇಲಿ ನುಂಗಿದ ಹಾವನ್ನಂತೂ ಯಾವ ಪದ್ಧತಿಯಲ್ಲೂ ಮುಟ್ಟಬಾರದು. ನುಂಗಿದ್ದನ್ನು ಕಕ್ಕಿಬಿಡುತ್ತೆ.

ಶೀಶೆ ಸಂಖ್ಯೆ 7

ಮೇಲಿನವರು ಹಾವಿನ ಕಡೆಯಿಂದ ಹೇಳಿದರು, ನಾನು ಪ್ರಯೋಗಾಲಯದ ಕಡೆಯಿಂದ ಹೇಳುತ್ತೇನೆ. ಕುದುರೆಗೆ ವಿಷ ಯಾವುದು, ಕೊಳೆ ಯಾವುದು ಎಂದು ಗೊತ್ತಾಗುವುದಿಲ್ಲ. ಚುಚ್ಚಿದ ದ್ರವದಲ್ಲಿ ಹಾವಿನ ರಕ್ತ, ಲೋಳೆ, ಬಾಯಿಯ ಬ್ಯಾಕ್ಟೀರಿಯಾ ಇದ್ದರೆ ಅವುಗಳ ವಿರುದ್ಧವೂ ಅಷ್ಟೇ ಶ್ರದ್ಧೆಯಿಂದ ಪ್ರತಿಕಾಯ ತಯಾರಿಸುತ್ತದೆ. ಆ ಪ್ರತಿಕಾಯಗಳೆಲ್ಲ ಕೊನೆಗೆ ರೋಗಿಯ ಮೈಗೇ ಹೋಗುತ್ತವೆ. ಪ್ರಯೋಜನವಿಲ್ಲದ ಕುದುರೆ ಪ್ರೋಟೀನು ಹೆಚ್ಚಿದಷ್ಟೂ ಅಲರ್ಜಿಯ ಅಪಾಯ ಹೆಚ್ಚು. ಇದರ ಮೇಲೆ ಕುದುರೆಗೆ ಚುಚ್ಚಿದ ಜಾಗದಲ್ಲಿ ಕೀವು ಬೇರೆ. ಹಾಗಾಗಿ ಔಷಧದ ಅರ್ಧ ಗುಣಮಟ್ಟ ಬೀಕರ್‌ನಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ತೆಗೆದ ವಿಷ ಮಂಜುಗಡ್ಡೆಯ ಮೇಲಿರಬೇಕು. ಮಂಡಲದ ವಿಷದಲ್ಲಿ ಪ್ರೋಟೀನು ಕತ್ತರಿಸುವ ಕಿಣ್ವಗಳು ಹೇರಳ. ಬೆಚ್ಚಗಿನ ಕೋಣೆಯಲ್ಲಿ ಬಿಟ್ಟರೆ ವಿಷ ತನ್ನನ್ನು ತಾನೇ ಜೀರ್ಣಿಸಿಕೊಳ್ಳಲು ತೊಡಗುತ್ತದೆ. ತಣ್ಣಗಿರುವಾಗಲೇ ನಿಧಾನ ವೇಗದಲ್ಲಿ ಹತ್ತು ನಿಮಿಷ ಸೆಂಟ್ರಿಫ್ಯೂಜ್ ಮಾಡಿದರೆ (ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ) ಜೀವಕೋಶದ ಚೂರು ತಳ ಸೇರುತ್ತದೆ. ಮೇಲಿನ ತಿಳಿಯನ್ನು ಕೂಡಲೇ ಮೈನಸ್ 20 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಹೆಪ್ಪುಗಟ್ಟಿಸಿ, ಫ್ರೀಜ್ ಡ್ರೈ (ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ನಿರ್ವಾತದಲ್ಲಿ ಒಣಗಿಸುವುದು) ಮಾಡುತ್ತಾರೆ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸುವ ಆಟ ಬೇಡ, ಪ್ರತಿ ಸಲವೂ ಶಕ್ತಿ ಕುಂದುತ್ತದೆ.

ಸಾಮಾನ್ಯವಾಗಿ ಆಗುವ ಎಡವಟ್ಟು ಇದರ ನಂತರದ್ದು. ಒಣಗಿದ ವಿಷ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಫ್ರೀಜರ್‌ನಿಂದ ತೆಗೆದ ಶೀಶೆಯನ್ನು ತಕ್ಷಣ ತೆರೆದರೆ ಒಳಗೆ ಇಬ್ಬನಿ ಕೂತು ಪುಡಿ ಅಂಟಂಟಾಗುತ್ತದೆ. ತೇವ ತಾಗಿದ ವಿಷ ಉಳಿದಷ್ಟು ದಿನವೂ ಕೆಡುತ್ತಲೇ ಇರುತ್ತದೆ, ತೂಕವೂ ಸುಳ್ಳಾಗುತ್ತದೆ. ಶೀಶೆ ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ಮುಟ್ಟಬಾರದು. ತೂಗುವಾಗ ಮಾಸ್ಕ್, ಕನ್ನಡಕ, ಕೈಗವಸು ಕಡ್ಡಾಯ. ಹಗುರ ಪುಡಿ, ಸ್ಥಾಯಿ ವಿದ್ಯುತ್ತಿಗೆ ಹಾರುತ್ತದೆ. ವರ್ಷಗಟ್ಟಲೆ ಉಸಿರಲ್ಲಿ ಎಳೆದುಕೊಂಡವರಿಗೆ ವಿಷಕ್ಕೇ ಅಲರ್ಜಿ ಬೆಳೆಯುವುದುಂಟು.

ಲೇಬಲ್ ಮೇಲೆ ಜಾತಿ, ಹಾವು ಹಿಡಿದ ಜಾಗ, ತೆಗೆದ ದಿನಾಂಕ, ಎಷ್ಟು ಹಾವುಗಳದ್ದು, ಬ್ಯಾಚ್ ಸಂಖ್ಯೆ ಇಷ್ಟೂ ಇರಬೇಕು. ಜಾಗ ಬರೆಯದ ವಿಷದ ಶೀಶೆ ನನ್ನ ಲೆಕ್ಕದಲ್ಲಿ ಕಸ. ಒಂದು ಬ್ಯಾಚ್‌ಗೆ ಕನಿಷ್ಠ 20ರಿಂದ 50 ಹಾವು, ಅದರಲ್ಲೂ ಗಂಡು, ಹೆಣ್ಣು, ಬೇರೆ ಬೇರೆ ವಯಸ್ಸಿನವು ಸೇರಿರಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಒಂದೆರಡು ಹಾವಿನ ವಿಷ ಇಡೀ ಜಾತಿಯ ಪ್ರತಿನಿಧಿಯಾಗಲಾರದು.

ಕಡಂಬಳ

ಕಟ್ಟುಹಾವಿನ ಪ್ರಶ್ನೆಗೆ ಉತ್ತರ ಬರೀ ಗಣಿತ. ದೊಡ್ಡ ನಾಗರಹಾವು ಒಂದು ಸಲಕ್ಕೆ ಒಣ ತೂಕದಲ್ಲಿ 150ರಿಂದ 200 ಮಿ.ಗ್ರಾಂ ಕೊಡುತ್ತೆ, ಕೊಳಕುಮಂಡಲವೂ ಹೆಚ್ಚೂಕಡಿಮೆ ಅಷ್ಟೇ. ಕಟ್ಟುಹಾವು ಕೊಡೋದು 10 ಮಿ.ಗ್ರಾಂ ಆಸುಪಾಸು. ಗರಗಸ ಮಂಡಲ 10ರಿಂದ 20. ಅಂದರೆ ಒಂದು ಗ್ರಾಂಗೆ ನಾಗರಹಾವನ್ನು ಐದಾರು ಸಲ ಕಚ್ಚಿಸಿದರೆ ಸಾಕು, ಕಟ್ಟುಹಾವಿಗೆ ಸುಮಾರು ನೂರು ಸಲ ಬೇಕು.

ದ್ರವವಾಗಿ ನೋಡಿದರೆ ಆ 10 ಮಿ.ಗ್ರಾಂ ಅನ್ನೋದು ಒಂದೇ ಒಂದು ಹನಿ. ಅಗಲವಾದ ಬೀಕರ್‌ನ ಗೋಡೆಗೆ ಬಿದ್ದರೆ ಅಲ್ಲೇ ಹರಡಿ ಒಣಗಿ ಹೋಗುತ್ತೆ. ಅದರ ಹಲ್ಲು ಬೇರೆ ಗಿಡ್ಡ, ದಪ್ಪ ರಬ್ಬರ್ ಹಾಳೆ ತೂರೋದೇ ಇಲ್ಲ. ಆದ್ದರಿಂದ ಇದಕ್ಕೆ ಸಣ್ಣ ಟ್ಯೂಬ್, ಅತಿ ತೆಳು ಹಾಳೆ, ಇಲ್ಲವೇ ಒಂದೊಂದೇ ಹಲ್ಲಿಗೆ ಮೈಕ್ರೊಪಿಪೆಟ್‌ನ ತುದಿ ತೊಡಿಸಿ ಹನಿ ಹಿಡೀತಾರೆ. ಹಗಲಲ್ಲಿ ಕಟ್ಟುಹಾವು ಮಂಕು, ತಲೆಯನ್ನು ಸುರುಳಿಯೊಳಗೆ ಬಚ್ಚಿಟ್ಟುಕೊಂಡು ಕೂರುತ್ತೆ, ಕಚ್ಚು ಅಂದರೂ ಕಚ್ಚಲ್ಲ. ಹಗುರವಾಗಿ ಒತ್ತೋದು ಬೇಕಾಗೋದು ಇಲ್ಲೇ. "ಒತ್ತಲೇಬಾರದು" ಅನ್ನೋರು ಬರೀ ನಾಗರ, ಮಂಡಲ ನೋಡಿರ್ತಾರೆ.

ಕುದುರೆಗೆ ಅಷ್ಟು ವಿಷ ಎಲ್ಲಿ ಸಾಲುತ್ತೆ ಅಂದರೆ, ಚುಚ್ಚೋದೇ ಕಡಿಮೆ. ಅಡ್ಜುವೆಂಟ್ (ಪ್ರತಿಕಾಯ ಹೆಚ್ಚು ಹುಟ್ಟುವಂತೆ ಸೇರಿಸುವ ವಸ್ತು) ಜೊತೆ ಕಲಸಿದ ಕೆಲವೇ ಮಿಲಿಗ್ರಾಂ ವಿಷವನ್ನು ಕತ್ತಿನ ಸುತ್ತ ಹತ್ತು ಹನ್ನೆರಡು ಕಡೆ, ಒಂದೊಂದು ಕಡೆ 0.1ರಿಂದ 0.2 ಮಿ.ಲೀ. ಹಾಗೆ ಚರ್ಮದ ಕೆಳಗೆ ಕೊಟ್ಟು, ವಾರಗಳ ಅಂತರದಲ್ಲಿ ಏರಿಸ್ತಾ ಹೋಗ್ತಾರೆ. ತಯಾರಾದ ಪ್ರತಿ ಬ್ಯಾಚ್ ಪರೀಕ್ಷಿಸೋಕೂ ವಿಷ ಬೇಕು ಅನ್ನೋದನ್ನು ಜನ ಮರೀತಾರೆ.

ನಮ್ಮ ಎ.ಎಸ್.ವಿ. ಲೇಬಲ್ ಒಮ್ಮೆ ನೋಡಿ. 1 ಮಿ.ಲೀ. ಔಷಧ ನಾಗರ ಮತ್ತು ಕೊಳಕುಮಂಡಲದ ತಲಾ 0.6 ಮಿ.ಗ್ರಾಂ ವಿಷವನ್ನು, ಕಟ್ಟುಹಾವು ಮತ್ತು ಗರಗಸ ಮಂಡಲದ ತಲಾ 0.45 ಮಿ.ಗ್ರಾಂ ವಿಷವನ್ನು ತಡೆಯಬೇಕು. ಕೊಳಕುಮಂಡಲ ಒಂದು ಕಡಿತಕ್ಕೆ ಸರಾಸರಿ 63 ಮಿ.ಗ್ರಾಂ ಇಳಿಸುತ್ತೆ ಅಂತ ಲೆಕ್ಕ. 63 ಭಾಗಿಸು 0.6 ಅಂದರೆ 105 ಮಿ.ಲೀ., 10 ಮಿ.ಲೀ.ನ ಹತ್ತೂವರೆ ವಯಲ್ (ಔಷಧದ ಸೀಸೆ). ಮೊದಲ ಡೋಸಿಗೇ 8–10 ವಯಲ್ ಏರಿಸೋದು ಇದಕ್ಕೇ. ಆದರೆ ಲೇಬಲ್‌ನ ಅಂಕಿ ಇಲಿಗಳ ಮೇಲಿನ ಪರೀಕ್ಷೆಯದ್ದು, ಅದೂ ವಿಷ ಮತ್ತು ಔಷಧವನ್ನು 37 ಡಿಗ್ರಿಯಲ್ಲಿ ಅರ್ಧ ಗಂಟೆ ಮೊದಲೇ ಬೆರೆಸಿ ಚುಚ್ಚಿದ್ದು. ರೋಗಿಯ ಮೈಯಲ್ಲಿ ವಿಷ ಆಗಲೇ ಗುರಿ ಮುಟ್ಟಿರುತ್ತೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡಿದ ಮೇಲೆ ಎಷ್ಟು ವಯಲ್ ಸುರಿದರೂ ಅದು ವಾಪಸ್ ಬರಲ್ಲ, ನರ ಚೇತರಿಸೋವರೆಗೆ ವೆಂಟಿಲೇಟರೇ ಗತಿ.

ಸೀರಂ ಓದುಗ

ತುಂಬಾ ಉಪಕಾರವಾಯ್ತು, ಮೂವರಿಗೂ. ಮೂರನೇ ಪ್ರಶ್ನೆ ಬಾಕಿ ಇದೆ. ಕಾಳಿಂಗ ಸರ್ಪ, ಗುಳಿಮಂಡಲ ಕಚ್ಚಿದರೂ ಇದೇ ಔಷಧಿನಾ?

ಶೀಶೆ ಸಂಖ್ಯೆ 7

ಔಷಧಕ್ಕೆ ಬಳಸುವುದು ನಾಲ್ಕೇ ಜಾತಿಯ ವಿಷ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಒಂದು ಹಾವಿನ ಪ್ರತಿವಿಷ ಎಲ್ಲದಕ್ಕೂ ಆಗದು ಎನ್ನುವುದು ಹಳೆಯ ಪಾಠ. 1890ರ ದಶಕದಲ್ಲಿ ಫ್ರೆಂಚ್ ವಿಜ್ಞಾನಿ ಕಾಲ್ಮೆಟ್ ನಾಗರಹಾವಿನ ವಿಷದಿಂದ ಸೀರಂ ಮಾಡಿದಾಗ ಅದು ಬೇರೆ ಹಾವುಗಳಿಗೂ ನಡೆಯುತ್ತದೆಂದು ನಂಬಿದ್ದರು. ಬ್ರೆಜಿಲ್‌ ದೇಶದ ವೈದ್ಯ ವೈಟಲ್ ಬ್ರೆಜಿಲ್ ತಮ್ಮ ದೇಶದ ಹಾವುಗಳ ವಿಷದ ಮೇಲೆ ಪ್ರಯೋಗಿಸಿ ಅದು ಸುಳ್ಳೆಂದು ತೋರಿಸಿದರು.

ನಮ್ಮಲ್ಲಿ ಔಷಧ ತಯಾರಕರಿಗೆ ವಿಷದ ಬಹುಪಾಲು ಬಂದಿರುವುದು ಚೆನ್ನೈ ಬಳಿಯ ವಡನೆಮ್ಮೇಲಿಯಲ್ಲಿರುವ, ಹಾವು ಹಿಡಿಯುವುದರಲ್ಲಿ ನುರಿತ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದದ್ದು. ಹಿಡಿದ ಹಾವನ್ನು ಮಣ್ಣಿನ ಮಡಕೆಯಲ್ಲಿಟ್ಟು, ಸುಮಾರು ಮೂರು ವಾರದಲ್ಲಿ ನಾಲ್ಕು ಸಲ ವಿಷ ತೆಗೆದು, ಹೊಟ್ಟೆಯ ಹುರುಪೆಗೆ ಗುರುತು ಮಾಡಿ ಕಾಡಿಗೆ ಬಿಡುತ್ತಾರೆ. ಅದೇ ಹಾವು ಮತ್ತೆ ಸಿಕ್ಕರೆ ಗುರುತು ನೋಡಿ ಗೊತ್ತಾಗುತ್ತದೆ.

ಅವರ ಕೌಶಲದ ಬಗ್ಗೆ ಎರಡು ಮಾತಿಲ್ಲ. ಸಮಸ್ಯೆ ಇರುವುದು ಭೂಗೋಳದಲ್ಲಿ. ಒಂದೇ ಜಾತಿಯ ಹಾವಾದರೂ ಊರಿಂದ ಊರಿಗೆ ವಿಷದ ಮಿಶ್ರಣ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬೇರೆ ಬೇರೆ ರಾಜ್ಯಗಳ ನಾಗರ, ಕೊಳಕುಮಂಡಲಗಳಲ್ಲಿ ಇದನ್ನು ತೋರಿಸಿದ್ದಾರೆ. ಈಶಾನ್ಯದಲ್ಲಿರುವ ಒಂಟಿ ಕಣ್ಣಿನ ಗುರುತಿನ ನಾಗರವಂತೂ ಜಾತಿಯೇ ಬೇರೆ. ತಮಿಳುನಾಡಿನ ಹಾವಿನ ವಿಷದಿಂದ ಮಾಡಿದ ಔಷಧ ದೂರದ ರಾಜ್ಯದಲ್ಲಿ ಕೆಲಸ ಮಾಡುವುದೇ ಇಲ್ಲವೆಂದಲ್ಲ, ಹಲವು ಕಡೆ ಕಡಿಮೆ ಮಾಡುತ್ತದೆ, ಹೆಚ್ಚು ವಯಲ್ ಬೇಡುತ್ತದೆ.

ಕಡಂಬಳ

ಕಾಳಿಂಗಕ್ಕೆ ನಮ್ಮಲ್ಲಿ ಔಷಧ ತಯಾರಾಗಲ್ಲ. ಬ್ಯಾಂಕಾಕ್‌ನ ಕ್ವೀನ್ ಸಾವೊವಭಾ ಸಂಸ್ಥೆ ಮಾಡುತ್ತೆ, ಅದು ಅಲ್ಲಿನ ಕಾಳಿಂಗದ ವಿಷದ್ದು. ಮಲೆನಾಡು, ಪಶ್ಚಿಮ ಘಟ್ಟದ ಹಂಪ್‌ನೋಸ್ ಗುಳಿಮಂಡಲಕ್ಕೂ ಇಲ್ಲಿ ಔಷಧ ಇಲ್ಲ. ಸಣ್ಣ ಹಾವು, ಸಣ್ಣ ಕಡಿತ ಅಂತ ಅದನ್ನು ಉದಾಸೀನ ಮಾಡ್ತಾರೆ, ಆದರೆ ಕಿಡ್ನಿ ಕೆಡಿಸಬಲ್ಲದು. ಅದನ್ನು ನೋಡಿ ಗರಗಸ ಮಂಡಲ ಅಂತ ತಪ್ಪಾಗಿ ತಿಳಿದು ಎ.ಎಸ್.ವಿ. ಏರಿಸಿದರೆ ರೋಗಿಗೆ ಸಿಗೋದು ಕುದುರೆ ಪ್ರೋಟೀನಿನ ಅಲರ್ಜಿ ಅಪಾಯ ಮಾತ್ರ. ಅದಕ್ಕೇ ಹಾವನ್ನು ಹಿಡಿಯೋಕೆ, ಕೊಲ್ಲೋಕೆ ಹೋಗದೆ, ದೂರದಿಂದ ಒಂದು ಫೋಟೊ ಸಿಕ್ಕರೆ ಆಸ್ಪತ್ರೆಗೆ ತಗೊಂಡು ಹೋಗಿ ಅನ್ನೋದು. ಸಿಗದಿದ್ದರೆ ಅದಕ್ಕಾಗಿ ಒಂದು ನಿಮಿಷವೂ ಕಾಯಬೇಡಿ.