ಸಹಾಯ ಬೇಕು: ಜೀರ್ಣಾಂಗಗಳ ಬಗ್ಗೆ ಕನ್ನಡದ ವಿಡಿಯೊ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ಕನ್ನಡ ಮಾಧ್ಯಮದ ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಮೊನ್ನೆ ದನ ಕಟ್ಟುವ ಹಗ್ಗಗಳನ್ನು ಗಂಟು ಹಾಕಿ 6 ಮೀಟರ್ ಅಳೆದು, ಸಣ್ಣ ಕರುಳು ಹೆಚ್ಚುಕಮ್ಮಿ ಇಷ್ಟುದ್ದ ಅಂತ ತೋರಿಸಿದೆ. ಹಗ್ಗ ಕ್ಲಾಸಿನ ಬಾಗಿಲು ದಾಟಿ ಜಗಲಿಗೆ ಹೋಯಿತು. 'ಇಷ್ಟೆಲ್ಲ ಹೊಟ್ಟೆಯೊಳಗೆ ಹೇಗೆ ಹಿಡಿಯುತ್ತೆ ಮಿಸ್?' ಅಂತ ಒಬ್ಬಳು ಕೇಳಿದಳು. ಸುರುಳಿ ಸುತ್ತಿ ತೋರಿಸಿದೆ. ಆದರೆ ಕರುಳಿನ ಒಳಗೋಡೆಯ ಬೆರಳಿನಂಥ ವಿಲ್ಲೈಗಳು, ಪಿತ್ತರಸ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುವುದು, ಇದನ್ನೆಲ್ಲ ಹಗ್ಗದಲ್ಲಿ ತೋರಿಸಲು ಆಗುವುದಿಲ್ಲ ಅಲ್ವಾ?

ಶಾಲಾ ಪಾಠಗಳಿರುವ ಸರ್ಕಾರದ ದೀಕ್ಷಾ ಆ್ಯಪ್ ಬಳಸುತ್ತಿದ್ದೇನೆ. ಅದರ ಜೊತೆಗೆ ಕನ್ನಡದಲ್ಲೇ ವಿವರಣೆ ಇರುವ ಆನಿಮೇಷನ್ ಗೊತ್ತಿದ್ದರೆ ದಯವಿಟ್ಟು ಲಿಂಕ್ ಹಾಕಿ. ಇಲ್ಲಿ ಮಳೆ ಜಾಸ್ತಿಯಾದರೆ ನೆಟ್‌ವರ್ಕ್ ಹೋಗುತ್ತದೆ. ಡೌನ್‌ಲೋಡ್ ಮಾಡಿಕೊಳ್ಳುವಂತಿದ್ದರೆ ತುಂಬಾ ಉಪಕಾರ. ಸೋಮವಾರ ಪಾಠ ಮುಂದುವರಿಸಬೇಕು.